ಬೇಲಿಯೇ ಹೊಲ ಮೇಯ್ದಾಗ

ಬೆಳೆದು ನಿಂತ ಪೈರನ್ನು ದನಕರುಗಳಿಂದ ಕಾಪಾಡಲು ರೈತನು ಹೊಲದ ಸುತ್ತ ಬೇಲಿ ಹಾಕುತ್ತಾನೆ. ಬೆಳಗಾಗುವಷ್ಟರಲ್ಲಿ ಪೈರು ಹಾಳಾಗಿದ್ದರೆ ಬೇಲಿಯಲ್ಲಿ ಎಲ್ಲಿ ಕಂಡಿ ಬಿದ್ದಿದೆ, ಯಾವ ದನ ಒಳನುಗ್ಗಿತು ಎಂದು ಅವನು ಹುಡುಕುವುದು ಸಹಜ. ಬೇಲಿಯ ಮೇಲೆಯೇ ಸಂದೇಹಪಡುವವರು ಯಾರೂ ಇಲ್ಲ. ಕಾಯಬೇಕಾದವರೇ ಕೊಳ್ಳೆಹೊಡೆದಾಗ ಮಾತ್ರ ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಯನ್ನು ನೆನೆಯುವುದುಂಟು. ಮಾನವನ ಶರೀರದಲ್ಲಿ ಈ ಗಾದೆಯ ಮಾತು ಕೆಲವೊಮ್ಮೆ ನಿಜವಾಗುತ್ತದೆ. ಆಗ ಹಾನಿಯು ಹೊರಗಿನಿಂದ ಬಂದುದೋ ಒಳಗೇ ಹುಟ್ಟಿದುದೋ ಎಂಬುದನ್ನು ನಿರ್ಣಯಿಸುವುದು ವೈದ್ಯರ ಕಠಿಣ ಹೊಣೆಗಳಲ್ಲೊಂದು.

ಶರೀರದ ಬೇಲಿಯೆಂದರೆ ಅದರ ರೋಗನಿರೋಧಕ ವ್ಯವಸ್ಥೆ. ರಕ್ತದ ಬಿಳಿಯ ಕಣಗಳೂ ಅವುಗಳಿಂದ ಹುಟ್ಟುವ ಪ್ರತಿಕಾಯಗಳೆಂಬ ಪ್ರೋಟೀನುಗಳೂ ಇದರ ಮುಖ್ಯ ಅಂಗಗಳು. ಬ್ಯಾಕ್ಟೀರಿಯ, ವೈರಸ್ ಮುಂತಾದ ರೋಗಾಣುಗಳು ದೇಹವನ್ನು ಹೊಕ್ಕು ವೃದ್ಧಿಗೊಂಡು ತರುವ ಬೇನೆಗೆ ಸೋಂಕು ಎಂದು ಹೆಸರು. ಅವುಗಳನ್ನು ಗುರುತಿಸಿ ನಾಶಮಾಡುವುದು ಈ ವ್ಯವಸ್ಥೆಯ ಕೆಲಸ. ಇದಕ್ಕೆ ತನ್ನದು ಯಾವುದು, ಅನ್ಯವಾದುದು ಯಾವುದು ಎಂಬ ವಿವೇಕ ಅತ್ಯಗತ್ಯ. ಈ ವಿವೇಕವು ತಪ್ಪಿ ಅದು ತನ್ನ ಅಂಗಗಳ ಮೇಲೆಯೇ ಎರಗಿದರೆ ಉಂಟಾಗುವುದೇ ಸ್ವಯಂನಿರೋಧಕ ರೋಗ.

ಇಂಥ ರೋಗವಿರಬಹುದೆಂಬುದನ್ನು ವಿಜ್ಞಾನಿಗಳು ಬಹುಕಾಲ ನಂಬಲಿಲ್ಲ. ದೇಹವು ತನಗೆ ತಾನೇ ವಿಷವಾಗುವುದನ್ನು ಸಹಿಸದು ಎಂಬುದು 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಅವರ ಅಭಿಪ್ರಾಯವಾಗಿತ್ತು. ಆದರೆ 1904ರಲ್ಲಿ ವಿಯೆನ್ನಾದ ಜೂಲಿಯಸ್ ಡೊನಾಥ್ ಮತ್ತು ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬವರು, ಚಳಿಗೆ ಮೈಯೊಡ್ಡಿದಾಗ ಮೂತ್ರ ಕೆಂಪಾಗುವ ಒಂದು ಕಾಯಿಲೆಯಲ್ಲಿ ರೋಗಿಯ ಪ್ರತಿಕಾಯಗಳೇ ಅವನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆಂದು ತೋರಿಸಿದರು. ಆದರೂ ಈ ತತ್ತ್ವವು ಎಲ್ಲರ ಮನ್ನಣೆ ಪಡೆಯಲು ಇನ್ನೂ ಅರ್ಧ ಶತಮಾನವೇ ಬೇಕಾಯಿತು.

ಸೋಂಕಿಗೂ ಸ್ವಯಂನಿರೋಧಕ ರೋಗಕ್ಕೂ ಕಾರಣ ಬೇರೆ. ಹೀಗಿದ್ದರೂ ಲಕ್ಷಣಗಳು ಒಂದೇ ಆಗಿ ಕಾಣುವುದೇಕೆ? ಜ್ವರ, ಬಾವು, ಕೆಂಪು, ನೋವು ಇವು ಬಹುಮಟ್ಟಿಗೆ ದೇಹವೇ ಹೂಡುವ ಹೋರಾಟದ ಫಲಗಳು. ಶತ್ರು ಎದುರಿಗಿದ್ದರೂ, ಇಲ್ಲದೆಯೇ ಕಾಳಗ ಆರಂಭವಾದರೂ, ರಣರಂಗದ ಹೊಗೆ ಒಂದೇ ಬಗೆಯದು. ದೂರದಿಂದ ಹೊಗೆಯನ್ನು ಕಂಡವರಿಗೆ ಬೆಂಕಿಯಿದೆಯೆಂದು ತಿಳಿಯುತ್ತದೆಯೇ ಹೊರತು, ಅದನ್ನು ಹೊತ್ತಿಸಿದವರು ಯಾರೆಂದು ತಿಳಿಯುವುದಿಲ್ಲ.

ಒಂದು ಆಸ್ಪತ್ರೆಗೆ ಇಬ್ಬರು ರೋಗಿಗಳು ಬಂದರೆಂದು ಭಾವಿಸೋಣ. ಇಬ್ಬರಿಗೂ ಜ್ವರವಿದೆ, ಕೀಲುಗಳಲ್ಲಿ ಬಾವಿದೆ. ಮೊದಲನೆಯವನು ರೈತ. ಎರಡು ದಿನಗಳ ಹಿಂದೆ ಅವನ ಒಂದು ಮೊಣಕಾಲು ಹಠಾತ್ತನೆ ಊದಿಕೊಂಡಿತು. ಈಗ ಕಾಲನ್ನು ನೆಲಕ್ಕೆ ಊರಲಾರ. ಎರಡನೆಯವಳು ಗೃಹಿಣಿ. ಎರಡೂ ಕೈಗಳ ಬೆರಳ ಗೆಣ್ಣುಗಳೂ ಮಣಿಕಟ್ಟುಗಳೂ ಆಕೆಗೆ ತಿಂಗಳುಗಳಿಂದ ನೋಯುತ್ತಿವೆ. ಬೆಳಗ್ಗೆ ಎದ್ದ ಮೇಲೆ ಒಂದು ಗಂಟೆಗೂ ಮಿಕ್ಕಿ ಕೈ ಮಡಿಸಲು ಬರುವುದಿಲ್ಲ. ಅನುಭವಿ ವೈದ್ಯರು ಯಂತ್ರಗಳತ್ತ ನೋಡುವ ಮೊದಲು ಈ ವಿವರಗಳಿಗೆ ಕಿವಿಗೊಡುತ್ತಾರೆ. ಒಂದೇ ಕೀಲು, ಹಠಾತ್ತಾದ ಆರಂಭ ಇವು ಸೋಂಕನ್ನು ಸೂಚಿಸುತ್ತವೆ. ಎರಡು ಬದಿಗಳ ಅನೇಕ ಸಣ್ಣ ಕೀಲುಗಳು, ದೀರ್ಘಕಾಲದ ನೋವು, ಬೆಳಗಿನ ಬಿಗಿತ ಇವು ಸ್ವಯಂನಿರೋಧಕ ಸಂಧಿವಾತವನ್ನು ಸೂಚಿಸುತ್ತವೆ. ಆದರೆ ಸೂಚನೆಯೇ ಸಾಕ್ಷ್ಯವಲ್ಲ. ಆದುದರಿಂದ ಪರೀಕ್ಷೆ ಬೇಕಾಗುತ್ತದೆ.

ಕೆಂಪು ಕಣಗಳು ನಳಿಕೆಯಲ್ಲಿ ತಳಕ್ಕಿಳಿಯುವ ವೇಗವನ್ನು ಅಳೆಯುವ ಇ.ಎಸ್.ಆರ್. ಪರೀಕ್ಷೆಯೂ, 1930ರಲ್ಲಿ ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಪತ್ತೆಯಾದ ಸಿ.ಆರ್.ಪಿ. ಎಂಬ ಪ್ರೋಟೀನಿನ ಪರೀಕ್ಷೆಯೂ ಎರಡು ಬಗೆಯ ರೋಗಗಳಲ್ಲಿಯೂ ಏರುತ್ತವೆ. ಇವು ಬೆಂಕಿಯನ್ನು ಅಳೆಯುತ್ತವೆ, ಅಪರಾಧಿಯನ್ನು ಹೆಸರಿಸುವುದಿಲ್ಲ. ಸಂಧಿವಾತದಲ್ಲಿ ಕಾಣಸಿಗುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯವು ಕ್ಷಯದಂತಹ ದೀರ್ಘಕಾಲದ ಸೋಂಕುಗಳಲ್ಲಿಯೂ ಕೆಲವೊಮ್ಮೆ ಕಾಣುತ್ತದೆ. ಆದುದರಿಂದ ವೈದ್ಯರು ಊದಿದ ಕೀಲಿನಿಂದಲೇ ಸೂಜಿಯ ಮೂಲಕ ರಸವನ್ನು ತೆಗೆಯುತ್ತಾರೆ. ಆರೋಗ್ಯವಂತರ ಕೀಲುರಸ ತಿಳಿಯಾಗಿರುತ್ತದೆ. ಅದರ ಒಂದು ಘನ ಮಿಲಿಮೀಟರಿನಲ್ಲಿ 200ಕ್ಕಿಂತ ಕಡಿಮೆ ಬಿಳಿಯ ಕಣಗಳಿರುತ್ತವೆ. ಬ್ಯಾಕ್ಟೀರಿಯದ ಸೋಂಕಿನಲ್ಲಿ ಅವುಗಳ ಸಂಖ್ಯೆ ಅನೇಕ ವೇಳೆ 50,000ವನ್ನು ಮೀರುತ್ತದೆ. ಸಂಧಿವಾತದಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಆದರೆ ಈ ಗಡಿಯೂ ಖಚಿತವಲ್ಲ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ವಿಧಾನದಂತೆ ರಸಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬ್ಯಾಕ್ಟೀರಿಯಗಳು ಕಾಣಬಹುದು. ಕಾಣದಿದ್ದರೆ ಪ್ರಯೋಗಾಲಯದಲ್ಲಿ ಅವುಗಳನ್ನು ಬೆಳೆಸಿ ನೋಡಬೇಕು. ಇದಕ್ಕೆ ಕೆಲವು ದಿನಗಳು ಹಿಡಿಯುತ್ತವೆ. ಕ್ಷಯದ ರೋಗಾಣುವಾದರೆ ವಾರಗಳೇ ಬೇಕು.

ಇಷ್ಟೊಂದು ಎಚ್ಚರಿಕೆ ಏಕೆ? ಒಂದು ರೋಗಕ್ಕೆ ಔಷಧವಾದುದು ಇನ್ನೊಂದಕ್ಕೆ ವಿಷವಾಗಬಲ್ಲದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಅವರ ಸಂಗಡಿಗರು ಸಂಧಿವಾತದಿಂದ ನರಳುತ್ತಿದ್ದ ಮಹಿಳೆಯೊಬ್ಬಳಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್ ಅವರು ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದರು. ಆದರೆ ಸ್ಟೀರಾಯ್ಡ್ ಎರಗುತ್ತಿರುವ ಬೇಲಿಯನ್ನು ಮಲಗಿಸುವ ಮದ್ದು. ಸೋಂಕಿರುವಾಗ ಅದನ್ನೊಂದನ್ನೇ ಕೊಟ್ಟರೆ ರೋಗಾಣುಗಳಿಗೆ ಹೆಬ್ಬಾಗಿಲು ತೆರೆದಂತಾಗುತ್ತದೆ. ಅಡಗಿದ್ದ ಕ್ಷಯವೂ ಹೆಡೆಯೆತ್ತಬಹುದು. ಇತ್ತ ಸ್ವಯಂನಿರೋಧಕ ರೋಗಕ್ಕೆ ಆಂಟಿಬಯಾಟಿಕ್‌ಗಳನ್ನು ಕೊಡುತ್ತಾ ಕುಳಿತರೆ ಕೀಲುಗಳು ಸವೆದು ಸೊಟ್ಟಗಾಗುತ್ತವೆ.

ಕೆಲವೊಮ್ಮೆ ಎರಡೂ ಒಂದರೊಡನೊಂದು ಹೆಣೆದುಕೊಳ್ಳುತ್ತವೆ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳನ್ನು ಕಾಡುವ ರುಮ್ಯಾಟಿಕ್ ಜ್ವರ ಇದಕ್ಕೆ ನಿದರ್ಶನ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯದಿಂದ ಗಂಟಲು ನೋಯುತ್ತದೆ. ನೋವು ತಾನಾಗಿಯೇ ಕಡಿಮೆಯಾಗುತ್ತದೆ. ಎರಡು ಮೂರು ವಾರಗಳ ತರುವಾಯ, ಆ ಬ್ಯಾಕ್ಟೀರಿಯವನ್ನು ಎದುರಿಸಲು ಸಜ್ಜಾದ ಪಡೆಯೇ ಹೋಲಿಕೆಗೆ ಮೋಸಹೋಗಿ ಕೀಲುಗಳನ್ನೂ ಹೃದಯವನ್ನೂ ಆಕ್ರಮಿಸುತ್ತದೆ. ಕೀಲಿನ ಬಾವು ಇಳಿಯುತ್ತದೆ, ಆದರೆ ಹೃದಯದ ಕವಾಟಗಳಿಗೆ ಆದ ಗಾಯ ಬಾಳಿನುದ್ದಕ್ಕೂ ಉಳಿಯಬಹುದು. ಗಂಟಲುನೋವಿಗೆ ಸಕಾಲದಲ್ಲಿ ಪೆನಿಸಿಲಿನ್ ಚಿಕಿತ್ಸೆ ದೊರೆತರೆ ಈ ಅನಾಹುತವನ್ನು ತಡೆಯಬಹುದು.

ಮತ್ತೆ ಆ ಗೃಹಿಣಿಯನ್ನು ನೆನೆಯೋಣ. ಆಕೆಯ ರೋಗ ಸಂಧಿವಾತವೆಂದು ನಿರ್ಧಾರವಾಯಿತು. ಔಷಧದಿಂದ ಗುಣ ಕಂಡಿತು. ವರ್ಷದ ಮೇಲೆ ಒಂದು ದಿನ ಆಕೆಯ ಒಂದೇ ಮೊಣಕಾಲು ಊದಿಕೊಂಡಿತು. ಹಳೆಯ ರೋಗವೇ ಕೆರಳಿತೆಂದು ಮನೆಯವರು ಸ್ಟೀರಾಯ್ಡ್ ಮಾತ್ರೆಗಳನ್ನು ಹೆಚ್ಚಿಸಲು ಮುಂದಾದರು. ವೈದ್ಯರು ತಡೆದರು. ಸಂಧಿವಾತದಿಂದ ಹಾಳಾದ ಕೀಲಿಗೆ ಸೋಂಕು ತಗಲುವುದು ಸುಲಭವೆಂಬುದು ಅವರಿಗೆ ತಿಳಿದಿತ್ತು. ಅವರು ಕೀಲುರಸವನ್ನು ತೆಗೆಸಿ ನೋಡಿದರು, ಅದರಲ್ಲಿ ಬ್ಯಾಕ್ಟೀರಿಯಗಳಿದ್ದುವು. ತಕ್ಷಣ ಕೀವನ್ನು ತೆಗೆದು ಆಂಟಿಬಯಾಟಿಕ್ ಕೊಟ್ಟುದರಿಂದ ಆಕೆಯ ಕಾಲು ಉಳಿಯಿತು.

ಹಿಂದೊಮ್ಮೆ ಸತ್ಯವಾಗಿದ್ದ ನಿರ್ಣಯವೂ ಇಂದು ಮತ್ತೆ ಪರೀಕ್ಷೆಗೆ ಒಳಗಾಗಬೇಕು. ರೋಗಿಯ ಮಾತು, ವೈದ್ಯರ ಕಣ್ಣು, ಪ್ರಯೋಗಾಲಯದ ಸಾಕ್ಷ್ಯ ಈ ಮೂರೂ ಕೂಡಿದಾಗಲೇ ರೋಗದ ನಿಜರೂಪ ಗೋಚರವಾಗುತ್ತದೆ. ಹೀಗಿರಲು, ಪಕ್ಕದ ಮನೆಯವರಿಗೆ ಗುಣವಾಯಿತೆಂದು ಅದೇ ಮಾತ್ರೆಯನ್ನು ತಂದು ನುಂಗುವುದು ಎಷ್ಟು ಅಪಾಯಕಾರಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪೈರು ಹಾಳಾದುದನ್ನು ಕಂಡೊಡನೆ ದೊಣ್ಣೆ ಹಿಡಿದು ಓಡುವವನಿಗಿಂತ, ಹೆಜ್ಜೆಯ ಗುರುತನ್ನು ನೋಡಿ ನಡೆಯುವವನೇ ಹೊಲವನ್ನು ಉಳಿಸಿಕೊಳ್ಳುತ್ತಾನೆ.