ಎರಡು ನಕಲು, ಎರಡು ಮೊಹರು

ಜಹೀರಾಬಾದಿನ ಓದುಗರೊಬ್ಬರು ಕೇಳಿದ್ದಾರೆ: ಮನೆಯ ಹಳೆಯ ಪಹಣಿಗಳನ್ನು ಸ್ಕ್ಯಾನ್ ಮಾಡಿ, ಅದೇ ಚಿತ್ರಗಳಿಂದ ಎರಡು ಸಲ ಡಿಸ್ಕಿನ ಪಡಿಯಚ್ಚಾದ ಐಎಸ್‌ಒ ಫೈಲ್ ಮಾಡಿದರೆ ಹ್ಯಾಶ್ (ಫೈಲಿನ ಬೈಟುಗಳಿಂದ ಲೆಕ್ಕ ಹಾಕುವ ಗುರುತು) ಏಕೆ ತಾಳೆಯಾಗುವುದಿಲ್ಲ?

ಆ ಸೀಮೆಯ ಜಮೀನು ಕಾಗದ ನೋಡಿದವರಿಗೆ ಉತ್ತರ ಸುಲಭ. ಜಹೀರಾಬಾದ್, ನಾರಾಯಣಖೇಡ ಹಿಂದೆ ಬೀದರ್ ಜಿಲ್ಲೆಯವು, ತಾಂಡೂರು ಗುಲ್ಬರ್ಗಾದ್ದು. 1956ರ ನವೆಂಬರ್ 1ರಂದು ಆಂಧ್ರಪ್ರದೇಶಕ್ಕೆ ಸೇರಿದವು. ನಿಜಾಮರ ಕಾಲದ ಕಾಗದದಲ್ಲಿ ಫಸಲಿ (ಕಂದಾಯ ವರ್ಷ) 1357 ಎಂದಿದ್ದರೆ 590 ಕೂಡಿಸಿ, 1947ರ ಆಸುಪಾಸು. ಅದರ ನಕಲನ್ನು ಇವತ್ತೊಂದು, ನಾಳೆಯೊಂದು ತೆಗೆಸಿ: ಒಕ್ಕಣೆಯೆಲ್ಲ ಒಂದೇ, ಮೊಹರಿನ ಪಕ್ಕದ ತಾರೀಖು ಮಾತ್ರ ಬೇರೆ. ಅಷ್ಟಕ್ಕೇ ಹೊಲ ಬದಲಾಯಿತೆಂದು ಯಾರೂ ತಕರಾರು ತೆಗೆಯುವುದಿಲ್ಲ. ಹ್ಯಾಶ್‌ಗೆ ಅಷ್ಟು ವಿವೇಕವಿಲ್ಲ. ಒಂದಂಕಿ ಬದಲಾದರೂ ಉತ್ತರ ಪೂರ್ತಿ ಬೇರೆ.

ಐಎಸ್‌ಒ ಫೈಲಿನಲ್ಲಿ ಇಂಥ ಮೊಹರು ಬೀಳುವ ಜಾಗವೂ ಗೊತ್ತಿದೆ. 1988ರ ಐಎಸ್‌ಒ 9660 ಪ್ರಕಾರ ಮೊದಲ 32,768 ಬೈಟ್ ದಾಟಿದ ಮೇಲೆ ಡಿಸ್ಕಿನ ಜಾತಕ. ಅಲ್ಲಿ ನಾಲ್ಕು ತಾರೀಖು: ಹುಟ್ಟಿದ್ದು, ತಿದ್ದಿದ್ದು, ಅವಧಿ ಮುಗಿಯುವುದು, ಜಾರಿಗೆ ಬರುವುದು. ಒಂದೊಂದಕ್ಕೆ 17 ಬೈಟ್. ವರ್ಷದಿಂದ ಸೆಕೆಂಡಿನ ನೂರನೇ ಭಾಗದವರೆಗೆ 16 ಅಂಕಿ; ಕೊನೆಯ ಬೈಟ್‌ನಲ್ಲಿ ಗ್ರೀನಿಚ್‌ಗೂ ನಮಗೂ ಎಷ್ಟು ಕಾಲುಗಂಟೆ ಅಂತರ ಎಂಬ ಲೆಕ್ಕ. ನಮ್ಮ ಐದೂವರೆ ಗಂಟೆಗೆ 22, ನೇಪಾಳಕ್ಕೆ 23.

ಒಳಗಿನ ಪ್ರತಿ ಫೈಲಿಗೂ ಬೇರೆ ತಾರೀಖು, ಏಳೇ ಬೈಟ್. ವರ್ಷಕ್ಕೆ ಒಂದು ಬೈಟ್, 1900ರಿಂದ ಎಣಿಕೆ; 2155ಕ್ಕೆ ಮುಗಿಯಿತು. ಹಾಗಾಗಿ 1947 ಎಂದು ಬರೆಯಲು ಅಡ್ಡಿಯಿಲ್ಲ. ಪೆನ್‌ಡ್ರೈವಿನ ಫ್ಯಾಟ್ ಪದ್ಧತಿಯಾದರೆ 1980ಕ್ಕಿಂತ ಹಿಂದೆ ಹೋಗದು.

ಹಾಗಿದ್ದರೆ ತಾರೀಖನ್ನು ಗಡಿಯಾರಕ್ಕೆ ಬಿಡದೆ ನಾವೇ ಕೊಡಬಹುದಲ್ಲ? ಕೊಡಬಹುದು. ಐಎಸ್‌ಒ ಫೈಲ್ ಕಟ್ಟುವ ಕ್ಸೋರಿಸೊ ತಂತ್ರಾಂಶ ಆ ಅಂಕಿಗಳನ್ನು ನಮ್ಮಿಂದಲೇ ಪಡೆಯಬಲ್ಲದು. ತಂತ್ರಾಂಶವನ್ನು ಯಾರು ಕಟ್ಟಿದರೂ ಬೈಟ್‌ಗೆ ಬೈಟ್ ಒಂದೇ ಫಲ ಬರಬೇಕೆಂದು ಡೆಬಿಯನ್ ಲಿನಕ್ಸ್ ಬಳಗ 2013ರಿಂದ ಹಟ ಹಿಡಿದದ್ದರಿಂದ, ‘ಸೋರ್ಸ್ ಡೇಟ್ ಎಪಾಕ್’ ಎಂಬ ಒಂದೇ ಸಂಖ್ಯೆ ಕೊಡುವ ರೂಢಿ ಬಂತು: 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳು. ತಂತ್ರಾಂಶದ ಆವೃತ್ತಿ, ಆಯ್ಕೆಗಳು, ಫೈಲುಗಳ ತಾರೀಖು ಎಲ್ಲ ಒಂದೇ ಇರಲಿ, ಹ್ಯಾಶ್ ತಾಳೆಯಾಗುತ್ತದೆ.

ಇದು ಕಳ್ಳ ಮೊಹರಲ್ಲವೇ ಎಂದರೆ, ಆ 17 ಬೈಟ್ ಎಂದೂ ಸಾಕ್ಷಿಯಾಗಿರಲಿಲ್ಲ. ಯಾರು ಬೇಕಾದರೂ ತಿದ್ದಬಹುದು. ಡಿಸ್ಕಿನ ತಾರೀಖು ತೋರಿಸಿ ದಾಖಲೆ ಅಸಲಿ ಎನ್ನುವವರ ಮಾತು ನಂಬಬೇಡಿ. ಹ್ಯಾಶ್ ಬರೆದು ನಾರಾಯಣಖೇಡದ ನೆಂಟರಿಗೊಂದು ಪ್ರತಿ ಕೊಟ್ಟಿಡಿ.