ತಪ್ಪು ಹಾಡಿಸುವ ಕೋಶ, ಕಲಿತದ್ದನ್ನು ಕಾಯುವ ಕೋಶ

ಕೋಗಿಲೆಗೆ ಯಾರೂ ಹಾಡು ಕಲಿಸುವುದಿಲ್ಲ. ಕಾಗೆಯ ಗೂಡಿನಲ್ಲಿ ಕಣ್ಣುಬಿಟ್ಟು, ಕಾಗೆ ಕೊಟ್ಟ ಗುಟುಕು ತಿಂದು ಬೆಳೆದರೂ ಕಾಲ ಬಂದಾಗ ಅದು ಕುಹೂ ಎಂದೇ ಕೂಗುತ್ತದೆ. ವಿಜ್ಞಾನದ ವರ್ಗೀಕರಣದಲ್ಲಿ ಕೋಗಿಲೆ ಹಾಡುಹಕ್ಕಿಗಳ ಗುಂಪಿಗೆ ಸೇರಿಲ್ಲ, ಕಾಗೆ ಸೇರಿದೆ. ಆ ಗುಂಪಿನ ಹಕ್ಕಿಗಳು ಹಿರಿಯರ ದನಿ ಕೇಳಿ ಕಲಿಯುತ್ತವೆ. ಹೇಗೆ ಕಲಿಯುತ್ತವೆ ಎಂದು ಮೆದುಳಿನ ಒಳಗಿಳಿದು ನೋಡಲು ವಿಜ್ಞಾನಿಗಳಿಗೆ ಹೆಚ್ಚು ಒದಗಿಬಂದದ್ದು ಆಸ್ಟ್ರೇಲಿಯಾ ಮೂಲದ, ಗುಬ್ಬಚ್ಚಿಗಿಂತ ಚಿಕ್ಕದಾದ ಝೀಬ್ರಾ ಫಿಂಚ್.

ಈ ಜಾತಿಯಲ್ಲಿ ಹಾಡುವುದು ಗಂಡು ಮಾತ್ರ. ಮೊಟ್ಟೆಯೊಡೆದು ಸುಮಾರು 25 ದಿನಗಳಾದ ಮೇಲೆ ಮರಿ ಅಪ್ಪನ ಹಾಡನ್ನು ನೆನಪಿನಲ್ಲಿಟ್ಟುಕೊಳ್ಳತೊಡಗುತ್ತದೆ, ಆಮೇಲೆ ತೊದಲುತ್ತದೆ. 90 ದಿನಗಳ ಹೊತ್ತಿಗೆ ಹಾಡು ಗಟ್ಟಿಯಾಗಿ, ಬದುಕಿನುದ್ದಕ್ಕೂ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ನೆನಪೊಂದೇ ಇದ್ದರೆ ಸಾಲದು, ತನ್ನ ದನಿ ತನಗೇ ಕೇಳಬೇಕು. ಮಸಕಾಜು ಕೊನಿಶಿ 1965ರಲ್ಲಿ ಬಿಳಿನೆತ್ತಿಯ ಗುಬ್ಬಿಗಳ ಮೇಲೆ ನಡೆಸಿದ ಪ್ರಯೋಗ ಇದನ್ನು ತೋರಿಸಿತು. ಹಿರಿಯರ ಹಾಡನ್ನು ಕೇಳಿಸಿಕೊಂಡ ಬಳಿಕ, ತಾವಿನ್ನೂ ಹಾಡುವ ಮೊದಲೇ ಕಿವುಡಾದ ಮರಿಗಳಿಗೆ ಆ ಹಾಡು ಒಲಿಯಲಿಲ್ಲ.

ತೊದಲು ಎಲ್ಲಿಂದ ಬರುತ್ತದೆ? ಇನ್ನೂ ಬಲಿಯದ ಮೆದುಳಿನ ಎಡವಟ್ಟು ಎಂದುಕೊಳ್ಳುವುದು ಸುಲಭ. ಆದರೆ ಹಕ್ಕಿಯ ಮೆದುಳಿನ ಮುಂಭಾಗದಲ್ಲಿ ‘ಎಲ್‌ಮ್ಯಾನ್’ ಎಂಬ ನರಕೋಶಗಳ ಪುಟ್ಟ ಗೊಂಚಲಿದೆ. ಅಮೆರಿಕದ ಎಂಐಟಿಯಲ್ಲಿ ಮೈಕೆಲ್ ಫೀ ಮತ್ತು ಸಂಗಡಿಗರು 2005ರಲ್ಲಿ ಕಲಿಯುತ್ತಿರುವ ಮರಿಗಳಲ್ಲಿ ಇದನ್ನು ಸ್ವಲ್ಪ ಹೊತ್ತು ಸ್ತಬ್ಧಗೊಳಿಸಿದರು. ಸಲಕ್ಕೊಂದು ಬಗೆಯಲ್ಲಿ ಹಾಡುತ್ತಿದ್ದ ಮರಿ ತಟ್ಟನೆ ಏಕತಾನಕ್ಕೆ ಇಳಿಯಿತು. ಮೂರು ವರ್ಷಗಳ ನಂತರ ಅದೇ ತಂಡ, ಹಾಡನ್ನು ನಡೆಸುವ ಮುಖ್ಯ ಕೇಂದ್ರವಾದ ‘ಎಚ್‌ವಿಸಿ’ ಇಲ್ಲದೆಯೂ ಮರಿ ತೊದಲಬಲ್ಲದು, ಎಲ್‌ಮ್ಯಾನ್ ಇಲ್ಲದೆ ತೊದಲಲಾರದು ಎಂದು ಕಂಡುಕೊಂಡಿತು. ಅಂದರೆ ಅಡ್ಡಾದಿಡ್ಡಿ ಹಾಡಿಸಲಿಕ್ಕೆಂದೇ ಮೆದುಳು ಕೋಶಗಳನ್ನು ಇಟ್ಟುಕೊಂಡಿದೆ! ಹತ್ತು ಬಗೆಯಲ್ಲಿ ಹಾಡಿದರೆ ತಾನೆ ಹತ್ತಿರದ್ದು ಯಾವುದೆಂದು ತಿಳಿಯುವುದು? ಆ ಆಯ್ಕೆಯಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಸೂಸುವ ಕೋಶಗಳ ಪಾತ್ರವಿದೆ: ದನಿ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂದರೆ ಅವು ಚುರುಕಾಗುತ್ತವೆ, ಕೆಟ್ಟರೆ ಮಂಕಾಗುತ್ತವೆ.

ಎಚ್‌ವಿಸಿಯ ಕೆಲಸ ಬೇರೆ. ಅಲ್ಲಿಂದ ಹಾಡಿನ ಆಜ್ಞೆಯನ್ನು ಮುಂದಕ್ಕೆ ದಾಟಿಸುವ ಒಂದೊಂದು ನರಕೋಶವೂ ಹಾಡಿನ ಒಂದು ಸುತ್ತಿನಲ್ಲಿ ಒಂದೇ ಸಲ, ತನ್ನ ನಿಗದಿತ ಗಳಿಗೆಯಲ್ಲಿ, ಸುಮಾರು 6 ಮಿಲಿಸೆಕೆಂಡು ಮಿಡಿದು ಸುಮ್ಮನಾಗುತ್ತದೆ. ಒಂದರ ಹಿಂದೊಂದು ಹೀಗೆ ಮಿಡಿಯುತ್ತ ಹಾಡು ಸಾಗುತ್ತದೆ.

ಇಷ್ಟು ನಾಜೂಕಾಗಿ ಹೊಂದಿಕೊಂಡದ್ದನ್ನು, ಗುರುವಿನ, ಅಂದರೆ ಅಪ್ಪನ, ಹಾಡು ಮತ್ತೆ ಮತ್ತೆ ಕಿವಿಗೆ ಬಿದ್ದು ಕದಡಬಾರದಲ್ಲ? ಈ ಪ್ರಶ್ನೆಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೈಕೆಲ್ ಲಾಂಗ್ ಅವರ ತಂಡ 2016ರಲ್ಲಿ ಕೊಟ್ಟ ಉತ್ತರ ಈ ಇಡೀ ಕತೆಯಲ್ಲಿ ನನಗೆ ಅತಿ ಮುಖ್ಯವೆನಿಸಿದೆ. ಎಚ್‌ವಿಸಿಯಲ್ಲಿ ಅಕ್ಕಪಕ್ಕದ ಕೋಶಗಳನ್ನು ಸುಮ್ಮನಿರಿಸುವ ತಡೆಕೋಶಗಳಿವೆ. ಎಳೆಯ ಹಕ್ಕಿಯಲ್ಲಿ ಗುರುವಿನ ಹಾಡು ಕೇಳಿದೊಡನೆ ಹಾಡಿಸುವ ಕೋಶಗಳು ಮಿಡಿಯುತ್ತವೆ. ಒಂದು ಸ್ವರ ಚೆನ್ನಾಗಿ ಕೂಡಿಬಂದ ಮೇಲೆ, ಆ ಸ್ವರ ಕೇಳಿಸುವ ಹೊತ್ತಿಗೆ ಸರಿಯಾಗಿ ತಡೆಕೋಶಗಳು ಬಿಗಿ ಹಿಡಿಯುತ್ತವೆ. ಇನ್ನೂ ಕಲಿಯದ ಸ್ವರಕ್ಕೆ ಆ ಬಿಗಿ ಇಲ್ಲ. ಇದು ವಯಸ್ಸಿನ ಲೆಕ್ಕವಲ್ಲ, ಎಷ್ಟು ಕಲಿತಿದೆ ಎಂಬುದರ ಲೆಕ್ಕ. ದೊಡ್ಡ ಹಕ್ಕಿಯಲ್ಲಿ ಔಷಧಿಯಿಂದ ಆ ತಡೆಯನ್ನು ತೆಗೆದಾಗ ಹಾಡಿಸುವ ಕೋಶಗಳು ಗುರುವಿನ ಹಾಡಿಗೆ ಮತ್ತೆ ಮಿಡಿದವು.

ಎಲ್ಲ ಹಾಡುಹಕ್ಕಿಗಳೂ ಹೀಗೆ ಒಮ್ಮೆ ಕಲಿತು ಬಾಗಿಲು ಹಾಕಿಕೊಳ್ಳುವುದಿಲ್ಲ. ಕೆನರಿ ವರ್ಷವರ್ಷವೂ ಹಾಡಿಗೆ ಹೊಸ ಸ್ವರ ಸೇರಿಸುತ್ತದೆ. ಬೆಳೆದ ಮೆದುಳಿನಲ್ಲಿ ಹೊಸ ನರಕೋಶ ಹುಟ್ಟುವುದಿಲ್ಲ ಎಂಬುದೇ ಪಾಠವಾಗಿದ್ದ ಕಾಲದಲ್ಲಿ, 1983ರಲ್ಲಿ, ರಾಕ್‌ಫೆಲರ್ ವಿಶ್ವವಿದ್ಯಾಲಯದ ಸ್ಟೀವನ್ ಗೋಲ್ಡ್‌ಮನ್ ಮತ್ತು ಫರ್ನಾಂಡೊ ನೊಟ್ಟೆಬಾಮ್ ಬೆಳೆದ ಕೆನರಿಗಳ ಇದೇ ಎಚ್‌ವಿಸಿಯಲ್ಲಿ ಹೊಸ ನರಕೋಶಗಳು ಬಂದು ಸೇರುವುದನ್ನು ತೋರಿಸಿದರು.