ನಾನ್ನಜದ ಹುಲ್ಲುಬಯಲು: ಒಂದು ದಿನದ ಶಾಲಾ ಭೇಟಿಯ ಯೋಜನೆ

ಸೋಲಾಪುರ ನಗರದಿಂದ ಬಾರ್ಶಿ ಮಾರ್ಗದಲ್ಲಿ ಸುಮಾರು 20 ಕಿ.ಮೀ. ದೂರದಲ್ಲಿ ನಾನ್ನಜ ಗ್ರಾಮವಿದೆ. ಅಲ್ಲಿಯ ಮಾಳಢೋಕ ಪಕ್ಷಿ ಅಭಯಾರಣ್ಯವು ಸೋಲಾಪುರ, ದಕ್ಷಿಣ ಸೋಲಾಪುರ ಹಾಗೂ ಅಕ್ಕಲಕೋಟೆ ಭಾಗದ ಕನ್ನಡ ಶಾಲೆಗಳಿಗೆ ಒಂದೇ ದಿನದಲ್ಲಿ ಹೋಗಿ ಬರಲು ಅನುಕೂಲವಾದ ಸ್ಥಳ. ಆದರೂ ಶಾಲಾ ಸಹಲಿನ ಮಾತು ಬಂದಾಗ ಪಂಢರಪುರ, ತುಳಜಾಪುರ, ಗಾಣಗಾಪುರಗಳ ಹೆಸರು ಬರುವಷ್ಟು ಸಲೀಸಾಗಿ ನಾನ್ನಜದ ಹೆಸರು ಬರುವುದಿಲ್ಲ. "ಅಲ್ಲಿ ನೋಡಲಿಕ್ಕೆ ಏನಿದೆ? ಬರೀ ಹುಲ್ಲು" ಎಂಬುದು ಪಾಲಕರ ಮಾತು, ಕೆಲವೊಮ್ಮೆ ಶಿಕ್ಷಕರ ಮಾತೂ ಹೌದು. ಭೇಟಿಯ ಯೋಜನೆ ಈ ಪ್ರಶ್ನೆಯಿಂದಲೇ ಆರಂಭವಾಗಬೇಕು.

ಅಭಯಾರಣ್ಯಕ್ಕೆ ಹೆಸರು ಕೊಟ್ಟ ಹಕ್ಕಿಯನ್ನು ಮಕ್ಕಳು ನೋಡುವ ಸಂಭವ ತೀರಾ ಕಡಿಮೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. "ಮಾಳಢೋಕ ನೋಡಲು ಹೋಗೋಣ" ಎಂದು ಹೇಳಿ ಮಕ್ಕಳನ್ನು ಹೊರಡಿಸಿದ ಶಿಕ್ಷಕರು ಅವರ ನಿರಾಶೆಯನ್ನು ತಾವೇ ಸಿದ್ಧಪಡಿಸಿದಂತಾಗುತ್ತದೆ. ಬದಲಾಗಿ, ಹಕ್ಕಿ ಏಕೆ ಕಾಣುವುದಿಲ್ಲ ಎಂಬುದನ್ನೇ ಪಾಠದ ಪ್ರಶ್ನೆಯನ್ನಾಗಿ ಮಾಡಬಹುದು. 1979ರಲ್ಲಿ ಈ ಅಭಯಾರಣ್ಯವನ್ನು ಘೋಷಿಸಿದಾಗ ಸೋಲಾಪುರ ಮತ್ತು ಅಹ್ಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಗಳ ಸುಮಾರು 8,496 ಚದರ ಕಿ.ಮೀ. ಪ್ರದೇಶ ಅದರೊಳಗೆ ಸೇರಿತ್ತು. ಹಳ್ಳಿ, ಹೊಲ, ರಸ್ತೆಗಳೆಲ್ಲ ಅದರಲ್ಲಿ ಬಂದಿದ್ದರಿಂದ ಜನರಿಗೆ ತೊಂದರೆಯಾಯಿತು. ಮುಂದೆ ಅದನ್ನು ಸುಮಾರು 1,222 ಚದರ ಕಿ.ಮೀ.ಗೆ ಇಳಿಸಲಾಯಿತು. ಹಕ್ಕಿಯಾದರೋ ನಕಾಶೆಯ ಗೆರೆಗಿಂತ ಬೇಗನೆ ಕುಗ್ಗಿತು. ಇಂದು ದೇಶದಲ್ಲಿ ಉಳಿದಿರುವ ಈ ಹಕ್ಕಿಗಳು 150ಕ್ಕಿಂತ ಕಡಿಮೆ; ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ.

ಕಾರಣಗಳನ್ನು ಐದನೆಯ ತರಗತಿಯ ಮಕ್ಕಳಿಗೂ ತಿಳಿಯುವಂತೆ ಹೇಳಬಹುದು. ಒಂದು ಮೀಟರಿನಷ್ಟು ಎತ್ತರ, ಗಂಡಾದರೆ ಹದಿನೈದು ಕಿಲೋವರೆಗೆ ತೂಗುವ ಈ ಹಕ್ಕಿ ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬಯಲು ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಆ ಮೊಟ್ಟೆ ದನದ ಗೊರಸಿಗೆ ಸಿಕ್ಕಬಹುದು, ನಾಯಿಯ ಬಾಯಿಗೆ ಬೀಳಬಹುದು. ಹಾರುವಾಗ ಎದುರಿನದು ಅದಕ್ಕೆ ಸರಿಯಾಗಿ ಕಾಣದು. ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಬೇಟೆಯೂ ಬಹಳ ಕಾಲ ನಡೆಯಿತು. ಎಲ್ಲಕ್ಕಿಂತ ಮಿಗಿಲಾಗಿ ಹುಲ್ಲುಬಯಲನ್ನು ಎಲ್ಲರೂ 'ಬಂಜರು' ಎಂದು ಕರೆದರು. ಬಂಜರೆಂದ ಮೇಲೆ ಅದನ್ನು ಉಳುವುದಕ್ಕೂ ಅಲ್ಲಿ ಗಿಡ ನೆಡುವುದಕ್ಕೂ ಅಡ್ಡಿಯಿಲ್ಲವಲ್ಲ! ದೂರ ದೂರದವರೆಗೆ ಕಣ್ಣು ಹಾಯುವ ತೆರೆದ ನೆಲವೇ ಈ ಹಕ್ಕಿಗೆ ರಕ್ಷಣೆ. ಅಲ್ಲಿ ಮರಗಳ ತೋಪು ಎದ್ದರೆ ಅದರ ಮನೆ ಹೋದಂತೆ. ಗಿಡ ನೆಡುವುದೆಂದರೆ ಪರಿಸರ ರಕ್ಷಣೆ ಎಂದು ಮಾತ್ರ ಕಲಿತ ಮಕ್ಕಳಿಗೆ ಈ ಮಾತು ಹೊಸದು. ಎಷ್ಟೋ ವೇಳೆ ಶಿಕ್ಷಕರಿಗೂ ಹೊಸದು.

ಪ್ರಸಿದ್ಧ ಪಕ್ಷಿತಜ್ಞ ಸಾಲಿಂ ಅಲಿಯವರು ಇದನ್ನೇ ರಾಷ್ಟ್ರಪಕ್ಷಿಯನ್ನಾಗಿ ಮಾಡಬೇಕೆಂದು ಸೂಚಿಸಿದ್ದರು. 1963ರಲ್ಲಿ ಆ ಸ್ಥಾನ ನವಿಲಿಗೆ ಹೋಯಿತು. "ನೀವಾಗಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ?" ಎಂದು ತರಗತಿಯಲ್ಲಿ ಕೇಳಿದರೆ ಒಂದು ತಾಸು ಸಾಲದಷ್ಟು ಚರ್ಚೆ ನಡೆಯುತ್ತದೆ.

ಇನ್ನು ಭಾಷೆಯ ವಿಷಯ. ಕನ್ನಡ ಶಾಲೆಗೆ ಈ ಭೇಟಿ ವಿಶೇಷವಾಗುವುದು ಇಲ್ಲಿಯೇ. ಮರಾಠಿಯ 'ಮಾಳಢೋಕ' ಎಂಬ ಹೆಸರಿನಲ್ಲಿ ಮಾಳ, ಅಂದರೆ ಎತ್ತರದ ಒಣ ಬಯಲು ಇದೆ. ಕನ್ನಡದಲ್ಲಿ ಇದೇ ಹಕ್ಕಿಗೆ ಎರೆಭೂತ, ಎರ್ಲಡ್ಡು, ದೊರವಾಯನ ಹಕ್ಕಿ ಎಂಬ ಹೆಸರುಗಳಿವೆ. ಈಚಿನ ಬರಹಗಳಲ್ಲಿ ಹೆಬ್ಬಕ ಎಂದೂ ಬರುತ್ತದೆ. ಎರೆಭೂತದ 'ಎರೆ' ಎಂದರೆ ಕಪ್ಪು ಮಣ್ಣು, ಜೋಳ ಬೆಳೆಯುವ ಮಣ್ಣು. ಒಂದು ಭಾಷೆ ಹಕ್ಕಿಯನ್ನು ಹುಲ್ಲಿನ ಮಾಳದ ಮೇಲೆ ಕಂಡು ಹೆಸರಿಟ್ಟಿತು, ಇನ್ನೊಂದು ಎರೆಹೊಲದಲ್ಲಿ ಕಂಡು ಹೆಸರಿಟ್ಟಿತು. ಎರಡೂ ನಿಜ, ಏಕೆಂದರೆ ಹಕ್ಕಿ ಎರಡೂ ಕಡೆ ಮೇಯುತ್ತದೆ. ಈ ಒಂದು ಉದಾಹರಣೆಯಿಂದಲೇ ಮಕ್ಕಳಿಗೆ ಎರಡು ಭಾಷೆಗಳ ನಡುವೆ ಬೆಳೆಯುವುದು ಕೊರತೆಯಲ್ಲ ಎಂಬುದು ಮನವರಿಕೆಯಾಗಬಹುದು.

ಆದರೆ ಇಂತಹ ಹೆಸರುಗಳು ಪುಸ್ತಕದಲ್ಲಿಲ್ಲ, ಅಜ್ಜ ಅಜ್ಜಿಯರ ಬಾಯಲ್ಲಿವೆ. ಮಗು ಮನೆಯಲ್ಲಿ 'ಚಿಗರಿ' ಎನ್ನುತ್ತದೆ, ಪಠ್ಯದಲ್ಲಿ 'ಕೃಷ್ಣಮೃಗ' ಎಂದು ಓದುತ್ತದೆ, ಅಭಯಾರಣ್ಯದ ಫಲಕದಲ್ಲಿ 'ಕಾಳವೀಟ' ಎಂದು ಕಾಣುತ್ತದೆ. ಈ ಮೂರೂ ಒಂದೇ ಪ್ರಾಣಿ ಎಂದು ಯಾರೂ ಹೇಳಿಕೊಡದಿದ್ದರೆ ಮಗು ಮೊದಲು ಬಿಡುವುದು ಮನೆಯ ಮಾತನ್ನು. ಆದ್ದರಿಂದ ಭೇಟಿಗೆ ಹದಿನೈದು ದಿನ ಮುಂಚೆಯೇ ಪ್ರತಿ ವಿದ್ಯಾರ್ಥಿಯ ವಹಿಯಲ್ಲಿ ಮೂರು ಅಂಕಣಗಳನ್ನು ಹಾಕಿಸಬೇಕು: ಮನೆಯ ಮಾತು, ಪುಸ್ತಕದ ಮಾತು, ಮರಾಠಿ. ತ್ವಾಳ, ತೋಳ, ಲಾಂಡಗಾ. ಕೌಜುಗ, ಗೌಜಲಹಕ್ಕಿ, ತಿತ್ತರ. ಮೊದಲನೆಯ ಅಂಕಣವನ್ನು ಮನೆಯ ಹಿರಿಯರನ್ನು ಕೇಳಿಯೇ ತುಂಬಬೇಕು. ಒಂದೇ ಊರಿನಲ್ಲಿ ಎರಡು ಹೆಸರು ಬಂದರೆ ಎರಡನ್ನೂ ಬರೆಯಬೇಕು. ಯಾವುದನ್ನೂ 'ತಪ್ಪು' ಎಂದು ಶಿಕ್ಷಕರು ಹೊಡೆದುಹಾಕಬಾರದು. ಊರಿನಲ್ಲಿ ಕುರಿ ಕಾಯ್ದ ಹಿರಿಯರಿದ್ದರೆ ಅವರನ್ನು ಒಂದು ದಿನ ತರಗತಿಗೆ ಕರೆಯುವುದು ಉಚಿತ. ಹುಲ್ಲಿನ ಬಗೆ, ತೋಳದ ನಡೆ, ಎರೆಭೂತವನ್ನು ಜೋಳದ ಹೊಲದಲ್ಲಿ ಕಂಡ ನೆನಪು, ಇವು ಅವರಲ್ಲಿ ಇನ್ನೂ ಇರಬಹುದು. ಹತ್ತು ವರ್ಷದ ನಂತರ ಕೇಳೋಣವೆಂದರೆ ಕೇಳಲು ಅವರಿರಲಿಕ್ಕಿಲ್ಲ.

ಭೇಟಿಗೆ ಡಿಸೆಂಬರ್ ಮತ್ತು ಜನವರಿ ತಿಂಗಳುಗಳು ಯೋಗ್ಯ. ಮಳೆಗಾಲ ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳ ಕಾಲವಾದ್ದರಿಂದ ಆಗ ನಲವತ್ತು ಮಕ್ಕಳ ಗುಂಪನ್ನು ಒಯ್ಯುವುದು ಸರಿಯಲ್ಲ. ಬೇಸಿಗೆಯಲ್ಲಿ ಸೋಲಾಪುರದ ಬಿಸಿಲಿನ ಬಗ್ಗೆ ಈ ಭಾಗದ ಶಿಕ್ಷಕರಿಗೆ ಹೇಳಬೇಕಾದ್ದಿಲ್ಲ. ಚಳಿಗಾಲದಲ್ಲಿ ಹುಲ್ಲು ಬಲಿತು ಹೊಂಬಣ್ಣಕ್ಕೆ ತಿರುಗಿರುತ್ತದೆ. ಉತ್ತರದಿಂದ ವಲಸೆ ಬಂದ ಗಿಡುಗಗಳು ಹುಲ್ಲಿನ ಮೇಲೆ ತಗ್ಗಿ ತೇಲುತ್ತಿರುತ್ತವೆ. ಬೆಳಿಗ್ಗೆ ಬೇಗನೆ ತಲುಪಿದರೆ ಚಿಗರಿಯ ಹಿಂಡು ಕಾಣುವ ಸಂಭವ ಹೆಚ್ಚು. ಆದ್ದರಿಂದ ಅಕ್ಕಲಕೋಟೆಯ ಕಡೆಯ ಶಾಲೆಗಳು ನಸುಕಿನಲ್ಲೇ ಹೊರಡಬೇಕಾಗುತ್ತದೆ.

ವನ ವಿಭಾಗದ ಅನುಮತಿಗೆ ಸಾಕಷ್ಟು ಮೊದಲೇ ಲಿಖಿತ ಅರ್ಜಿ ಸಲ್ಲಿಸಿ, ಮಕ್ಕಳ ಸಂಖ್ಯೆ ಮತ್ತು ಸಮಯವನ್ನು ತಿಳಿಸಬೇಕು. ಕೇಂದ್ರಪ್ರಮುಖರ ಹಾಗೂ ಗಟ ಶಿಕ್ಷಣಾಧಿಕಾರಿಗಳ ಒಪ್ಪಿಗೆ, ಪಾಲಕರ ಸಮ್ಮತಿಪತ್ರ, ಪ್ರಥಮೋಪಚಾರದ ಪೆಟ್ಟಿಗೆ, ಇವು ಎಲ್ಲ ಸಹಲುಗಳಿಗೂ ಇದ್ದದ್ದೇ. ನಾನ್ನಜಕ್ಕೆ ವಿಶೇಷವಾಗಿ ಬೇಕಾದದ್ದು ಎರಡು: ಪ್ರತಿ ಮಗುವಿಗೆ ಸಾಕಾಗುವಷ್ಟು ನೀರು, ಮತ್ತು ಕಾಲು ಮುಚ್ಚುವ ಚಪ್ಪಲಿ ಅಥವಾ ಬೂಟು. ಬಟ್ಟೆ ಮಣ್ಣಿನ ಬಣ್ಣದ್ದಾದರೆ ಒಳಿತು, ಅಚ್ಚ ಬಿಳಿ ಬೇಡ. ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಸಾಕು. ಪ್ಲಾಸ್ಟಿಕ್ ಪುಡಿಕೆಗಳನ್ನು ಶಾಲೆಯಲ್ಲೇ ತೆಗೆದಿರಿಸಬೇಕು.

ಒಳಗೆ ಹೋದ ಮೇಲೆ ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಂತೆ ಗುಂಪು ಮಾಡಿ, ಗುಂಪುಗಳನ್ನು ಬೇರೆ ಬೇರೆ ಬಿಡಬೇಕು. ಒಟ್ಟಿಗೆ ನಡೆದರೆ ಗದ್ದಲ ತಪ್ಪದು. ಮೊದಲ ಹತ್ತು ನಿಮಿಷ ಎಲ್ಲರೂ ಕುಳಿತು ಕೇವಲ ಕೇಳಬೇಕು: ಟಿಟ್ಟಿಭದ ಕೂಗು, ಗಾಳಿಗೆ ಹುಲ್ಲು ಸರಿಯುವ ಸಪ್ಪಳ, ದೂರದ ಕುರಿಯ ಗಂಟೆ. ಆಮೇಲೆ ಕಣ್ಣಿನ ಕೆಲಸ. ಚಿಗರಿಯ ಹಿಂಡು ಕಂಡರೆ ಕೋಡು ಯಾವುದಕ್ಕಿದೆ, ಬಣ್ಣ ಯಾವುದರದು ಕಪ್ಪು, ಎಂದು ಎಣಿಸಿ ಬರೆಯಿಸಬೇಕು. ತಿರುಗಿ ಸುರುಳಿಯಾದ ಕೋಡು ಗಂಡಿಗೆ ಮಾತ್ರ ಎಂಬುದನ್ನು ಶಿಕ್ಷಕರು ಮೊದಲೇ ಹೇಳಿಬಿಡಬಾರದು; ಮಕ್ಕಳೇ ಕಂಡುಕೊಳ್ಳುತ್ತಾರೆ. ಪ್ರಾಣಿ ಕಾಣದ ದಿನವೂ ಬರುತ್ತದೆ. ಆಗ ಒಂದು ಮೀಟರ್ ಚೌಕದಷ್ಟು ನೆಲವನ್ನು ಹಗ್ಗದಿಂದ ಗುರುತಿಸಿ ಅದರೊಳಗಿನ ಹುಲ್ಲು, ಇರುವೆ, ಹಿಕ್ಕೆ, ಹೆಜ್ಜೆಗುರುತುಗಳನ್ನು ಪಟ್ಟಿ ಮಾಡಿಸಬೇಕು. ಬರೀ ಹುಲ್ಲೆಂದವರಿಗೆ ಆ ಪಟ್ಟಿಯೇ ಉತ್ತರ.

ಮರಳುವ ಮೊದಲು ಪ್ರತಿಯೊಬ್ಬರ ಕಾಲುಚೀಲ, ಚಡ್ಡಿ, ಲಂಗಗಳಿಗೆ ಅಂಟಿದ ಹುಲ್ಲಿನ ಮುಳ್ಳುಬೀಜಗಳನ್ನು ಅಲ್ಲಿಯೇ ಬಿಡಿಸಿ ಎಣಿಸಬೇಕು. ಕೂಡಿಸುವ ಲೆಕ್ಕವೂ ಆಯಿತು, ಬೀಜ ಪ್ರಸಾರದ ಪಾಠವೂ ಆಯಿತು. ಅಭಯಾರಣ್ಯದಿಂದ ಗರಿಯಾಗಲಿ ಕಲ್ಲಾಗಲಿ ಒಯ್ಯಬಾರದೆಂಬ ನಿಯಮವನ್ನು ಮಕ್ಕಳಿಗೆ ಹೇಳಿದ ಮೇಲೆ ಬೀಜಗಳನ್ನೂ ಅಲ್ಲಿಗೇ ಬಿಟ್ಟು ಬರುವುದು ನ್ಯಾಯ.

ಜತ್ತ ತಾಲ್ಲೂಕಿನ ಶಾಲೆಗಳಿಗೆ ನಾನ್ನಜ ದೂರವಾಗುತ್ತದೆ. ಅವರು ತಮ್ಮ ಊರ ಮಗ್ಗುಲಿನ ಮಡ್ಡಿಯನ್ನೇ ಆರಿಸಿಕೊಳ್ಳಬಹುದು. ಮೂರು ಅಂಕಣದ ವಹಿ, ಚೌಕದ ಹಗ್ಗ, ಹತ್ತು ನಿಮಿಷದ ಮೌನ ಅಲ್ಲಿಯೂ ನಡೆಯುತ್ತವೆ. ತಾಳವಾಡಿಯವರಿಗೆ ಸತ್ಯಮಂಗಲದ ಕಾಡು, ವಯನಾಡಿನವರಿಗೆ ಮುತ್ತಂಗ ಇದೆ. ಅಲ್ಲಿ ಮೂರನೆಯ ಅಂಕಣದಲ್ಲಿ ತಮಿಳೋ ಮಲಯಾಳವೋ ಬರುತ್ತದೆ, ಅಷ್ಟೇ.

ಭೇಟಿಯ ನಂತರದ ವಾರದಲ್ಲಿ ಎಲ್ಲ ವಹಿಗಳ ಮೊದಲ ಅಂಕಣವನ್ನು ಒಂದುಗೂಡಿಸಿ, ಹೇಳಿದ ಹಿರಿಯರ ಊರಿನ ಹೆಸರಿನೊಂದಿಗೆ, ಶಾಲೆಯ ಗ್ರಂಥಾಲಯಕ್ಕಾಗಿ ಒಂದು ಕೈಬರಹದ ಪುಸ್ತಕ ಮಾಡಿಸಬೇಕು. ಕೊನೆಯಲ್ಲಿ ಐದಾರು ಖಾಲಿ ಹಾಳೆಗಳನ್ನು ಬಿಟ್ಟಿರಬೇಕು. ಮುಂದಿನ ವರ್ಷದ ತರಗತಿಯ ಮಕ್ಕಳು ಹೊಸ ಮಾತುಗಳನ್ನು ತರುತ್ತಾರೆ.